ತಿಥಿ ಊಟ ಮುಗಿದ ಮೇಲೆ: ಆತ್ಮಹತ್ಯೆಯಲ್ಲಿ ನಮ್ಮವರನ್ನು ಕಳೆದುಕೊಂಡವರು ಇನ್ನೊಂದು ಮನೆಗೆ ಆಸರೆಯಾಗುವುದು ಹೇಗೆ

ನಮ್ಮ ಕಡೆ ಹನ್ನೊಂದನೇ ದಿನಕ್ಕೆ ತಿಥಿ. ಅರಸೀಕೆರೆ ಹತ್ತಿರದ ನಮ್ಮೂರಿನಲ್ಲಿ ತಮ್ಮನ ತಿಥಿಗೆ ಮುನ್ನೂರು ಜನ ಬಂದಿದ್ದರು. ಊಟ ಆಯ್ತು, ಶಾಮಿಯಾನ ಬಿಚ್ಚಿದರು, ಬಾಡಿಗೆ ಪಾತ್ರೆ ವಾಪಸ್ ಹೋದವು. ಹನ್ನೆರಡನೇ ದಿನ ಬೆಳಗ್ಗೆ ಮನೆಯಲ್ಲಿ ನಾಲ್ಕೇ ಜನ. ಅವತ್ತಿನಿಂದ ಯಾರೂ ಅವನ ಹೆಸರು ಎತ್ತಲಿಲ್ಲ. ಹಾರ್ಟ್ ಅಟ್ಯಾಕ್‌ನಲ್ಲಿ ಹೋದವರ ಬಗ್ಗೆ ಜನ ವರ್ಷಗಟ್ಟಲೆ ಮಾತಾಡುತ್ತಾರೆ. ಇಂಥ ಸಾವಾದರೆ ಮಾತು ಬೇರೆ ಕಡೆ ತಿರುಗಿಸುತ್ತಾರೆ.

ಇದಾಗಿ ಒಂಬತ್ತು ವರ್ಷ. ಆಗ ನಾನು ಮಾಡಿದ ಮೊದಲ ಕೆಲಸವೇ ತಪ್ಪು ಕೆಲಸ. ಎರಡೇ ತಿಂಗಳಿಗೆ ಕರಪತ್ರ ಅಚ್ಚು ಹಾಕಿಸಿದೆ. ನಾಲ್ಕನೇ ತಿಂಗಳಿಗೆ ಒಂದು ಕಾಲೇಜಿನಲ್ಲಿ ಭಾಷಣಕ್ಕೆ ನಿಂತೆ. ತಮ್ಮನ ವಯಸ್ಸಿನ ಹುಡುಗರು ಎದುರಿಗೆ ಕೂತಿದ್ದರು. ಐದು ನಿಮಿಷಕ್ಕೆ ಗಂಟಲು ಕಟ್ಟಿತು, ಹೇಳಬಾರದ್ದೆಲ್ಲ ಹೇಳಿಬಿಟ್ಟೆ, ಒಬ್ಬಳು ಹುಡುಗಿ ಅಳುತ್ತಾ ಎದ್ದು ಹೋದಳು. ಅವಳ ಹಿಂದೆ ಹೋಗಿ ಮಾತಾಡಿಸಬೇಕು ಅನ್ನೋದೂ ನನಗೆ ಹೊಳೆಯಲಿಲ್ಲ. ಆ ಹುಡುಗಿಯ ಮುಖ ಇವತ್ತಿಗೂ ನೆನಪಿದೆ. ಈ ಬರಹ ಬರೆಯೋಕೆ ಕಾರಣವೇ ಅವಳು.

ಮುಂದೆ ಓದುವ ಮುಂಚೆ ಒಂದು ಮಾತು. ನಿಮಗೇ ಈಗ ಬದುಕು ಬೇಡ ಅನ್ನಿಸುತ್ತಿದ್ದರೆ ಈ ಮಾರ್ಗದರ್ಶಿ ಪಕ್ಕಕ್ಕಿಡಿ. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಒಂದು ಆತ್ಮಹತ್ಯೆ ಆದರೆ ಉಳಿದವರಿಗೂ ಅಪಾಯ ಜಾಸ್ತಿ. ಅದು ನಿಮ್ಮ ದೌರ್ಬಲ್ಯ ಅಲ್ಲ, ಅಂಥ ಪೆಟ್ಟು ಬಿದ್ದಿದೆ ಅಷ್ಟೇ.

ಹೆಜ್ಜೆ 1: ಒಂದು ವರ್ಷ ಕಾಯಿರಿ

ಸಹಾಯವಾಣಿಗಳಿಗೆ ಸ್ವಯಂಸೇವಕರಾಗಲು ಹೋದರೆ "ನಿಮ್ಮ ಮನೆಯಲ್ಲಿ ಇತ್ತೀಚೆಗೆ ಸಾವಾಗಿದೆಯಾ" ಅಂತ ಕೇಳುವುದುಂಟು. ಆಗಿದ್ದರೆ ಸ್ವಲ್ಪ ದಿನ ಬಿಟ್ಟು ಬನ್ನಿ ಅನ್ನುತ್ತಾರೆ. ನನಗೆ ಹಾಗೆ ಹೇಳಿದಾಗ ಕೋಪ ಬಂದಿತ್ತು. ಈಗ ನಾನೇ ಬೇರೆಯವರಿಗೆ ಅದನ್ನು ಹೇಳುತ್ತೇನೆ. ಮೊದಲ ಯುಗಾದಿ, ಮೊದಲ ಗೌರಿ ಹಬ್ಬ, ಮೊದಲ ದೀಪಾವಳಿ, ಅವರ ಹುಟ್ಟಿದ ದಿನ, ವರ್ಷದ ಕಾರ್ಯ, ಇಷ್ಟೂ ಒಂದು ಸುತ್ತು ದಾಟಲಿ. ಕೆಲವರಿಗೆ ಎರಡು ವರ್ಷ ಬೇಕಾಗುತ್ತದೆ.

ಕಾಯುವುದು ಅಂದರೆ ಸುಮ್ನೆ ಕೂರುವುದಲ್ಲ. ನಿಮ್ಮ ಮನಸ್ಸಿಗೆ ಯಾರನ್ನಾದರೂ ಹುಡುಕಿಕೊಳ್ಳಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ "ಮನೋಚೈತನ್ಯ" ಕ್ಲಿನಿಕ್ ನಡೆಯುತ್ತದೆ, ಮನೋವೈದ್ಯರು ಅಲ್ಲಿಗೇ ಬರುತ್ತಾರೆ. ಯಾವ ಮಂಗಳವಾರ ಅಂತ ಫೋನ್ ಮಾಡಿ ತಿಳಿದುಕೊಂಡು ಹೋಗಿ. ಬೆಂಗಳೂರಿನ ಹತ್ತಿರ ಇದ್ದರೆ ನಿಮ್ಹಾನ್ಸ್ ಇದೆ. ನಿದ್ದೆ, ಊಟ, ಕೆಲಸ ಮೂರೂ ಹಳಿ ತಪ್ಪಿದ್ದರೆ ಯೋಚನೆ ಮಾಡದೆ ಹೋಗಿ.

ಆ ವರ್ಷದಲ್ಲಿ ಎದುರಿಸಬೇಕಾದ ದೊಡ್ಡ ಪ್ರಶ್ನೆ "ಯಾಕೆ". ಅವತ್ತು ಸಂಜೆ ತಮ್ಮ ಫೋನ್ ಮಾಡಿದ್ದ, ನಾನು ಬಸ್ಸಿನಲ್ಲಿದ್ದೆ, ಎತ್ತಲಿಲ್ಲ. ಈ ಒಂದು ವಾಕ್ಯ ಎರಡು ವರ್ಷ ನನ್ನ ತಲೆಯಲ್ಲಿ ತಿರುಗಿತು. ಇಂಥ ಸಾವಿಗೆ ಒಂದೇ ಕಾರಣ ಇರುವುದಿಲ್ಲ ಅಂತ ವೈದ್ಯರು ಹೇಳಿದಾಗ ಸಮಾಧಾನಕ್ಕೆ ಹೇಳುತ್ತಿದ್ದಾರೆ ಅಂದುಕೊಂಡಿದ್ದೆ. ನಿಜಕ್ಕೂ ಹಾಗೇ ಇದೆ. ಕಾಯಿಲೆ, ಸಾಲ, ಕುಡಿತ, ಜಗಳ, ಒಂಟಿತನ ಎಲ್ಲ ಒಂದರ ಮೇಲೊಂದು ಬಿದ್ದಿರುತ್ತವೆ. ಕೊನೆಗೆ ಬಿದ್ದದ್ದು ಮಾತ್ರ ನಮ್ಮ ಕಣ್ಣಿಗೆ ಕಾಣುತ್ತದೆ.

ಕಾದಿದ್ದು ಸಾಕು ಅಂತ ಗೊತ್ತಾಗುವುದು ಹೇಗೆ? ನಾನು ಬಳಸುವ ಪರೀಕ್ಷೆ ಒಂದೇ. ಬೇರೆಯವರು ತಮ್ಮ ಮನೆಯ ಕಥೆ ಹೇಳುವಾಗ ಅರ್ಧ ಗಂಟೆ ನಿಮ್ಮ ಕಥೆ ಹೇಳದೆ ಕೇಳಿಸಿಕೊಳ್ಳಲು ಆಗುತ್ತದಾ? ಆಗುತ್ತದೆ ಅಂದರೆ ಮುಂದಿನ ಹೆಜ್ಜೆ. ಆಗಲ್ಲ ಅಂದರೆ ಇನ್ನೂ ನೀವು ಹೇಳುವ ಸರದಿ. ಅದರಲ್ಲಿ ನಾಚಿಕೆ ಏನಿಲ್ಲ. ಇನ್ನೊಂದು, ಸ್ವಲ್ಪ ಕಹಿ: ನೀವು ಉಳಿಸೋಕೆ ಹೊರಟಿರುವುದು ನಿಮ್ಮ ತಮ್ಮನನ್ನೋ, ಮಗಳನ್ನೋ, ಗಂಡನನ್ನೋ ಆಗಿದ್ದರೆ ಆ ಕೆಲಸ ಇನ್ನು ಆಗುವಂಥದ್ದಲ್ಲ. ಎದುರಿಗೆ ಕೂತಿರುವವರು ಬೇರೆ ಮನುಷ್ಯರು.

ಹೆಜ್ಜೆ 2: ಮನೆಯಲ್ಲಿ ಕೇಳಿ

ಇದನ್ನು ಹೆಚ್ಚಿನವರು ಮರೆಯುತ್ತಾರೆ. ಕಥೆ ನಿಮ್ಮೊಬ್ಬರದ್ದಲ್ಲ. ಅಮ್ಮನದ್ದು, ಹೆಂಡತಿಯದ್ದು, ಮಕ್ಕಳದ್ದು ಕೂಡ. ನೀವು ವೇದಿಕೆಯಲ್ಲಿ ಹೇಳಿದ್ದು ನಾಳೆ ಊರಿನ ಅರಳಿ ಕಟ್ಟೆಗೆ ಬರುತ್ತದೆ. ತಂಗಿಗೆ ಸಂಬಂಧ ನೋಡುತ್ತಿರುವ ಮನೆಯಾದರೆ ಆ ಭಯ ಇನ್ನೂ ಜಾಸ್ತಿ. "ಅವರ ಮನೆಯಲ್ಲಿ ಹಾಗಾಗಿದೆಯಂತೆ" ಅನ್ನುವ ಒಂದು ಪಿಸುಮಾತು ಸಾಕು. ಆ ಭಯ ತಪ್ಪು ಅಂತ ಭಾಷಣ ಮಾಡಬೇಡಿ, ಅದು ಇದೆ ಅಂತ ಒಪ್ಪಿಕೊಳ್ಳಿ.

ಕೂತು ತೀರ್ಮಾನ ಮಾಡಿ: ಹೆಸರು ಹೇಳಬಹುದಾ? ಫೋಟೊ ತೋರಿಸಬಹುದಾ? ಊರು? ಯಾವುದನ್ನು ಹೇಳಲೇಬಾರದು? ನಮ್ಮಮ್ಮ ಮೂರು ದಿನ ಯೋಚನೆ ಮಾಡಿ ಉತ್ತರ ಕೊಟ್ಟಳು. "ಹೇಳು. ಆದರೆ ಅವನು ಹೇಗೆ ಹೋದ ಅಂತ ಹೇಳಬೇಡ. ಹೇಗಿದ್ದ ಅಂತ ಹೇಳು." ಸುರಕ್ಷಿತವಾಗಿ ಮಾತಾಡುವುದು ಹೇಗೆ ಅಂತ ಆಮೇಲೆ ನಾನು ತರಬೇತಿಗಳಲ್ಲಿ ಕಲಿತದ್ದೆಲ್ಲ ಆ ಒಂದು ಮಾತಿನಲ್ಲಿ ಇತ್ತು. ವಿಧಾನ, ಜಾಗ, ಕೊನೆಯ ಚೀಟಿ, ಇವನ್ನು ಎಲ್ಲೂ ವಿವರಿಸಬಾರದು. ಈಗಾಗಲೇ ಅಂಚಿನಲ್ಲಿ ನಿಂತಿರುವವರಿಗೆ ಆ ವಿವರವೇ ದಾರಿ ತೋರಿಸಿದ ಹಾಗಾಗುತ್ತದೆ.

ಮನೆಯಲ್ಲಿ ಮಕ್ಕಳಿದ್ದರೆ ಅವರಿಗೆ ನಿಜ ಗೊತ್ತಿರಬೇಕು, ಅವರ ವಯಸ್ಸಿಗೆ ತಕ್ಕಷ್ಟು. "ಮಾವ ಆಕ್ಸಿಡೆಂಟ್‌ನಲ್ಲಿ ಹೋದರು" ಅಂತ ಮನೆಯಲ್ಲಿ ಹೇಳಿ ಹೊರಗೆ ನೀವು ಬೇರೆ ಹೇಳಿದರೆ, ಆ ಮಗು ಅದನ್ನು ಶಾಲೆಯಲ್ಲಿ ಯಾರದೋ ಬಾಯಿಂದ ಕೇಳುತ್ತದೆ.

ಹೆಜ್ಜೆ 3: ಕಲಿಯಿರಿ, ಅನುಭವ ಒಂದೇ ಸಾಲದು

ಕಳೆದುಕೊಂಡಿದ್ದೇವೆ ಅಂದ ಮಾತ್ರಕ್ಕೆ ಗೊತ್ತಿದೆ ಅಂತಲ್ಲ. ನನಗೆ ಗೊತ್ತಿದ್ದದ್ದು ಒಂದೇ ಮನೆಯ ಕಥೆ.

ಅಂಕಿಗಳು ಮೊದಲು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆಯಿಂದ ಸತ್ತರು. ಕರ್ನಾಟಕದಲ್ಲಿ 13,606. ಅಂದರೆ ನಮ್ಮ ರಾಜ್ಯದಲ್ಲೇ ದಿನಕ್ಕೆ ಸುಮಾರು 37 ಮನೆ. ಕಾರಣಗಳ ಪಟ್ಟಿಯಲ್ಲಿ ಕೌಟುಂಬಿಕ ಸಮಸ್ಯೆ ಮತ್ತು ಕಾಯಿಲೆ ಸೇರಿದರೆ ಅರ್ಧದಷ್ಟು. ಆದರೆ ಆ ಕಾರಣ ಪೊಲೀಸರು ಒಂದು ಕಾಲಂನಲ್ಲಿ ಬರೆದದ್ದು ಅನ್ನೋದು ನೆನಪಿರಲಿ. ನಮ್ಮ ತಮ್ಮನ ಪೊಲೀಸ್ ಕಾಗದದಲ್ಲಿ "ಜೀವನದಲ್ಲಿ ಜುಗುಪ್ಸೆ" ಅಂತ ಇದೆ. ಅವನು ಭಾನುವಾರ ಕ್ರಿಕೆಟ್ ಆಡಲು ಎಂಟು ಕಿಲೋಮೀಟರ್ ಸೈಕಲ್ ತುಳಿಯುತ್ತಿದ್ದ ಹುಡುಗ.

ಕಲಿಯಬೇಕಾದ ಮುಖ್ಯ ಕೌಶಲ, ನೇರವಾಗಿ ಕೇಳುವುದು. ಸಾವಿನ ಯೋಚನೆ ಬಗ್ಗೆ ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಅನ್ನೋದು ಸುಳ್ಳು. ಕೇಳಿದರೆ ಎಷ್ಟೋ ಜನಕ್ಕೆ ಹಗುರ ಆಗುತ್ತದೆ. ಆದರೆ ಹೇಗೆ ಕೇಳುತ್ತೀರಿ? ನಾವು ಕನ್ನಡಿಗರು ಸಾಮಾನ್ಯವಾಗಿ ಕೇಳುವುದು ಹೀಗೆ: "ಹಾಗೇನೂ ಮಾಡ್ಕೊಳ್ಳಲ್ಲ ಅಲ್ವಾ?" ಇದು ಪ್ರಶ್ನೆಯೇ ಅಲ್ಲ. "ಇಲ್ಲ" ಅಂತ ಹೇಳು ಅಂತ ಬೇಡಿಕೊಂಡ ಹಾಗೆ. ಎದುರಿನವರು ನಮ್ಮ ಮರ್ಯಾದೆಗೆ "ಇಲ್ಲ" ಅಂದುಬಿಡುತ್ತಾರೆ. "ಸಾಯಬೇಕು ಅನ್ನಿಸುತ್ತಿದೆಯಾ?" ಅಂತ ಕೇಳಿ. ಬಾಯಿಗೆ ಬರುವುದಿಲ್ಲ, ನನಗೂ ಬರುತ್ತಿರಲಿಲ್ಲ. ಕನ್ನಡಿ ಮುಂದೆ ಹತ್ತು ಸಲ ಹೇಳಿ ಅಭ್ಯಾಸ ಮಾಡಿದೆ.

ಹೌದು ಅಂದರೆ? ಗಾಬರಿ ಬೇಡ, ಬುದ್ಧಿವಾದ ಬೇಡ. "ನಿಮ್ಮ ಅಪ್ಪ ಅಮ್ಮನ ಬಗ್ಗೆ ಯೋಚನೆ ಮಾಡಿದ್ದೀರಾ" ಅಂತ ಚುಚ್ಚಬೇಡಿ, ಆ ಯೋಚನೆ ಅವರು ಸಾವಿರ ಸಲ ಮಾಡಿರುತ್ತಾರೆ. ಕೇಳಿಸಿಕೊಳ್ಳಿ. ಏನಾದರೂ ಯೋಜನೆ ಇದೆಯಾ ಅಂತ ಕೇಳಿ. ಇದ್ದರೆ ಒಬ್ಬರನ್ನೇ ಬಿಡಬೇಡಿ, ಅಪಾಯದ ವಸ್ತುಗಳನ್ನು ದೂರ ಮಾಡಿ, ಮನೆಯ ಒಬ್ಬರನ್ನು ಕರೆಯಿರಿ, ಆಸ್ಪತ್ರೆಗೆ ಕರೆದೊಯ್ಯಿರಿ ಅಥವಾ 112ಕ್ಕೆ ಫೋನ್ ಮಾಡಿ. "ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬೇಡಿ. "ನಿಮ್ಮನ್ನು ಉಳಿಸೋಕೆ ಬೇಕಾದಷ್ಟು ಜನಕ್ಕೆ ಮಾತ್ರ ಹೇಳುತ್ತೇನೆ" ಅನ್ನಿ.

ಇದನ್ನೆಲ್ಲ ಕಲಿಸುವ ತರಬೇತಿಗೆ ಗೇಟ್‌ಕೀಪರ್ ತರಬೇತಿ ಅನ್ನುತ್ತಾರೆ. ನಿಮ್ಹಾನ್ಸ್ ಇಂಥದ್ದನ್ನು ನಡೆಸುತ್ತದೆ. ಬೆಂಗಳೂರಿನ ಸೂಯಿಸೈಡ್ ಪ್ರಿವೆನ್ಶನ್ ಇಂಡಿಯಾ ಫೌಂಡೇಶನ್ ಕ್ಯೂಪಿಆರ್ ಅನ್ನುವ ಕ್ರಮವನ್ನು ಕಲಿಸುತ್ತದೆ. ಕೇಳು, ಒಪ್ಪಿಸು, ನೆರವಿಗೆ ಕಳಿಸು ಅನ್ನೋದು ಅದರ ಸಾರ. ಕೆಲವೇ ಗಂಟೆಗಳ ತರಬೇತಿ. ಅದರಿಂದ ನೀವು ಸಲಹೆಗಾರರಾಗುವುದಿಲ್ಲ, ಸರಿಯಾದ ಬಾಗಿಲಿಗೆ ಕರೆದೊಯ್ಯುವ ಪಕ್ಕದ ಮನೆಯವರಾಗುತ್ತೀರಿ.

ಕಾನೂನು ಸ್ವಲ್ಪ ತಿಳಿದಿರಲಿ, ಯಾಕೆಂದರೆ ಹಳ್ಳಿಯಲ್ಲಿ ಮೊದಲ ಭಯವೇ "ಪೊಲೀಸ್ ಕೇಸ್ ಆಗುತ್ತೆ". ಈ ಭಯಕ್ಕೆ ಜನ ಆಸ್ಪತ್ರೆಗೆ ತಡವಾಗಿ ಹೋಗುತ್ತಾರೆ, ಸುಳ್ಳು ಹೇಳುತ್ತಾರೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 115ನೇ ಕಲಮು ಹೇಳುವುದು ಇಷ್ಟು: ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷಿಸಬಾರದು, ಅವರಿಗೆ ಆರೈಕೆ ಕೊಡಿಸುವುದು ಸರ್ಕಾರದ ಕರ್ತವ್ಯ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಪ್ರಯತ್ನಿಸಿದವರನ್ನು ಶಿಕ್ಷಿಸಲು ಇದ್ದ ಹಳೆಯ ದಂಡ ಸಂಹಿತೆಯ 309ನೇ ಕಲಮು ಇಲ್ಲ. ಸರ್ಕಾರಿ ನೌಕರರ ಕೆಲಸಕ್ಕೆ ಅಡ್ಡಿ ಮಾಡಲು ಅಥವಾ ಅವರನ್ನು ಒತ್ತಾಯಿಸಲು ಆತ್ಮಹತ್ಯೆಗೆ ಪ್ರಯತ್ನಿಸಿದರೆ ಮಾತ್ರ ಶಿಕ್ಷೆ ಇದೆ.

ಹೆಜ್ಜೆ 4: ನಮಗೇ ಚೆನ್ನಾಗಿ ಬರುವ ಕೆಲಸ, ಇನ್ನೊಂದು ಮನೆಗೆ ಹೋಗುವುದು

ಈ ಕ್ಷೇತ್ರ ಅಂದರೆ ಎಲ್ಲರಿಗೂ ಸಹಾಯವಾಣಿ ನೆನಪಾಗುತ್ತದೆ. ನನ್ನ ಅಭಿಪ್ರಾಯ ಬೇರೆ. ಫೋನಿನಲ್ಲಿ ಕೇಳಿಸಿಕೊಳ್ಳುವುದನ್ನು ತರಬೇತಿ ಪಡೆದ ಯಾರಾದರೂ ಮಾಡಬಹುದು. ಆದರೆ ತಿಥಿ ಮುಗಿದ ಮನೆಯ ಜಗಲಿಯಲ್ಲಿ ಕೂತು "ನಮ್ಮ ಮನೆಯಲ್ಲೂ ಹೀಗೇ ಆಗಿತ್ತು" ಅನ್ನುವ ಮಾತು ನಮ್ಮಂಥವರು ಮಾತ್ರ ಹೇಳಬಲ್ಲರು. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವಿನ್ ಶ್ನೈಡ್‌ಮನ್ ಸಾವಾದ ನಂತರದ ಈ ಆರೈಕೆಗೆ "ಪೋಸ್ಟ್‌ವೆನ್ಶನ್" ಅಂತ ಹೆಸರಿಟ್ಟರು. ಉಳಿದವರನ್ನು ನೋಡಿಕೊಳ್ಳುವುದು ಮುಂದಿನ ಸಾವನ್ನು ತಡೆಯುವುದೂ ಹೌದು ಅನ್ನೋದು ಅವರ ವಾದ. 2018ರಲ್ಲಿ ಪ್ರಕಟವಾದ ಜೂಲಿ ಸೆರೆಲ್ ಮತ್ತು ಸಂಗಡಿಗರ ಅಮೆರಿಕದ ಅಧ್ಯಯನದ ಪ್ರಕಾರ ಒಂದು ಆತ್ಮಹತ್ಯೆಯ ಬಿಸಿ ಸುಮಾರು 135 ಜನರಿಗೆ ತಟ್ಟುತ್ತದೆ. ನಮ್ಮ ಹಳ್ಳಿಯಲ್ಲಿ ಎಣಿಸಿದರೆ ಇನ್ನೂ ಜಾಸ್ತಿಯೇ ಇರಬೇಕು.

ಅಮೆರಿಕದ ಲೂಸಿಯಾನಾ ರಾಜ್ಯದ ಬ್ಯಾಟನ್ ರೂಜ್‌ನಲ್ಲಿ ಫ್ರಾಂಕ್ ಕ್ಯಾಂಪ್‌ಬೆಲ್ ಎಂಬುವರು ಒಂದು ತಂಡ ಕಟ್ಟಿದರು. ಹಿಂದೆ ಕಳೆದುಕೊಂಡವರೇ ಸಾವಾದ ಮನೆಗೆ ಹೋಗಿ, ನೆರವು ಎಲ್ಲಿ ಸಿಗುತ್ತದೆ ಅಂತ ಹೇಳಿ ಬರುತ್ತಾರೆ. ನಮ್ಮಲ್ಲಿ ಹಾಗೆ ಪೊಲೀಸರ ಜೊತೆಗೇ ಹೋಗುವ ವ್ಯವಸ್ಥೆಯನ್ನು ನಾನು ಕಂಡಿಲ್ಲ. ಆದರೆ ಆಶಾ ಕಾರ್ಯಕರ್ತೆಯರಿಗೆ, ಪಂಚಾಯಿತಿ ಸದಸ್ಯರಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರದವರಿಗೆ ನಿಮ್ಮ ನಂಬರ್ ಕೊಟ್ಟಿಡಬಹುದು. "ಮನೆಯವರು ಒಪ್ಪಿದರೆ ಮಾತ್ರ ಬರುತ್ತೇನೆ" ಅಂತ ಹೇಳಿ. ಕರೆಯದೆ ಹೋಗಬೇಡಿ.

ಯಾವಾಗ ಹೋಗಬೇಕು? ತಿಥಿ ದಿನವಲ್ಲ. ಅವತ್ತು ಜನ ಇರುತ್ತಾರೆ. ಅದಾದ ಎರಡು ಮೂರು ವಾರಕ್ಕೆ ಹೋಗಿ. ಇಬ್ಬರು ಹೋಗಿ. ಒಬ್ಬರು ತಾಯಿಯ ಜೊತೆ ಕೂತಾಗ ಇನ್ನೊಬ್ಬರು ಹಿತ್ತಲಲ್ಲಿ ಮೌನವಾಗಿ ನಿಂತಿರುವ ಅಣ್ಣನ ಹತ್ತಿರ ಹೋಗಬಹುದು. ಗಂಡಸರು ಇಂಥ ಹೊತ್ತಿನಲ್ಲಿ ಸೌದೆ ಒಡೆಯುತ್ತಾ ನಿಲ್ಲುತ್ತಾರೆ. ಪಕ್ಕದಲ್ಲಿ ನಿಂತರೆ ಸಾಕು.

ಏನು ಮಾತಾಡಬೇಕು? ಸತ್ತವರ ಹೆಸರು ಹೇಳಿ. "ಅವನು", "ಆ ವಿಷಯ" ಅನ್ನಬೇಡಿ. "ನಿಮಗೆ ಮೊದಲೇ ಗೊತ್ತಾಗಲಿಲ್ವಾ" ಅಂತ ಕೇಳಲೇಬೇಡಿ, ಆ ಪ್ರಶ್ನೆಯನ್ನು ಅವರಾಗಲೇ ಊರವರ ಕಣ್ಣಲ್ಲಿ ಓದಿರುತ್ತಾರೆ. "ದೇವರ ಇಚ್ಛೆ", "ಇನ್ನೊಂದು ಮಗು ಇದೆಯಲ್ಲ" ಇವೂ ಬೇಡ. ಅವರಿಗೆ ಸಿಟ್ಟು ಬರಬಹುದು, ಸತ್ತವರ ಮೇಲೆಯೇ. ಎಷ್ಟೋ ಜನಕ್ಕೆ ಆ ಸಿಟ್ಟಿಗೇ ನಾಚಿಕೆ. ಕೆಲವರಿಗೆ ನೆಮ್ಮದಿಯೂ ಆಗಿರುತ್ತದೆ, ವರ್ಷಗಟ್ಟಲೆ ಕಾವಲು ಕಾದ ಮನೆಗಳಲ್ಲಿ. ಅದನ್ನು ಹೇಳಿಕೊಂಡರೆ ಮುಖ ಕಿವುಚಬೇಡಿ.

ಶಾಸ್ತ್ರದ ವಿಷಯ ಬಂದೇ ಬರುತ್ತದೆ. ದುರ್ಮರಣ, ಆತ್ಮಕ್ಕೆ ಶಾಂತಿ ಇಲ್ಲ, ನಾರಾಯಣ ಬಲಿ ಮಾಡಿಸಬೇಕು ಅಂತ ಯಾರೋ ಹೇಳಿರುತ್ತಾರೆ. ಮಾಡಿಸಲಿ ಬಿಡಲಿ, ಅದು ಅವರ ಇಷ್ಟ. ಸಾಲ ಮಾಡಿ ಮಾಡಿಸಬೇಡಿ ಅಂತ ಮಾತ್ರ ನಾನು ಹೇಳುತ್ತೇನೆ. ಒಬ್ಬ ತಾಯಿಗೆ ಮಗನಿಗೆ ಎಡೆ ಇಡುವ ಹಾಗಿಲ್ಲ ಅಂದಿದ್ದರು. ಮಹಾಲಯ ಪಕ್ಷದಲ್ಲಿ ಚತುರ್ದಶಿಯನ್ನು ಅಪಮೃತ್ಯುವಿನಲ್ಲಿ ಹೋದವರಿಗೆಂದೇ ಇಟ್ಟಿದ್ದಾರೆ ಅಂತ ಅವರ ಊರಿನ ಹಿರಿಯರೊಬ್ಬರೇ ಹೇಳಿದ ಮೇಲೆ ಆಕೆ ಅವನಿಗಿಷ್ಟವಾದ ಒಬ್ಬಟ್ಟು ಮಾಡಿ ಇಟ್ಟರು. ನಾವು ಯಾರೂ ಕೊಡಲಾಗದ ಸಮಾಧಾನ ಅದು.

ಕಾಗದ ಪತ್ರದ ನೆರವು

ಇದಕ್ಕೆ ಬೇರೆ ತಲೆಬರಹ ಕೊಟ್ಟಿದ್ದೇನೆ, ಯಾಕೆಂದರೆ ಕಣ್ಣೀರು ಒರೆಸುವುದಕ್ಕಿಂತ ಇದು ಎಷ್ಟೋ ಸಲ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಅಸಹಜ ಸಾವಾದರೆ ಪೊಲೀಸರು ಯುಡಿಆರ್ (ಅಸಹಜ ಸಾವಿನ ವರದಿ) ದಾಖಲಿಸುತ್ತಾರೆ, ಪಂಚನಾಮೆ ಮತ್ತು ಮರಣೋತ್ತರ ಪರೀಕ್ಷೆ ಆಗುತ್ತದೆ. ಇವುಗಳ ಪ್ರತಿ ಮುಂದೆ ಎಲ್ಲ ಕಡೆ ಬೇಕು. ಒಂದು ಫೈಲ್ ಮಾಡಿ ಕೊಡಿ. ಮರಣ ಪತ್ರದಲ್ಲಿ "ಆತ್ಮಹತ್ಯೆ" ಅಂತ ಬರುತ್ತದೆ ಅಂತ ಹೆದರಿ ಅದನ್ನು ಪಡೆಯದೇ ಬಿಟ್ಟ ಮನೆ ನೋಡಿದ್ದೇನೆ. ಕೊಡುವ ಪತ್ರದಲ್ಲಿ ಸಾವಿನ ಕಾರಣ ನಮೂದಿಸುವ ಹಾಗೇ ಇಲ್ಲ, ಜನನ ಮರಣ ನೋಂದಣಿ ಕಾಯ್ದೆಯಲ್ಲೇ ಹಾಗಿದೆ.

"ಆತ್ಮಹತ್ಯೆ ಆದರೆ ಇನ್ಶೂರೆನ್ಸ್ ಬರಲ್ಲ" ಅನ್ನೋದು ಅರ್ಧ ಸತ್ಯ. ಜೀವ ವಿಮೆ ಪಾಲಿಸಿ ಶುರುವಾಗಿ 12 ತಿಂಗಳು ಕಳೆದಿದ್ದರೆ ಸಾಮಾನ್ಯವಾಗಿ ಪೂರ್ತಿ ಹಣ ಬರುತ್ತದೆ. ಅದಕ್ಕಿಂತ ಮುಂಚೆ ಆದರೆ ಕಟ್ಟಿದ ಕಂತಿನ ಕನಿಷ್ಠ ಶೇ 80 ವಾಪಸ್ ಕೊಡುತ್ತಾರೆ. ಅಪಘಾತದ ಹೆಚ್ಚುವರಿ ಹಣ ಮಾತ್ರ ಸಿಗುವುದಿಲ್ಲ. ಟ್ರಂಕಿನ ತಳದಲ್ಲಿರುವ ಪಾಲಿಸಿ ಹುಡುಕಿಸಿ.

ಸಾಲಬಾಧೆಯಿಂದ ಸತ್ತ ರೈತರ ಕುಟುಂಬಕ್ಕೆ ಕರ್ನಾಟಕ ಸರ್ಕಾರ 5 ಲಕ್ಷ ರೂಪಾಯಿ ಪರಿಹಾರ ಕೊಡುತ್ತದೆ. ಉಪವಿಭಾಗಾಧಿಕಾರಿ ಅಧ್ಯಕ್ಷತೆಯ ಸಮಿತಿ ಇದು ಅರ್ಹ ಪ್ರಕರಣವೋ ಅಲ್ಲವೋ ಅಂತ ತೀರ್ಮಾನಿಸುತ್ತದೆ. ಸಾಲದ ದಾಖಲೆ, ಪಹಣಿ, ಮರಣೋತ್ತರ ವರದಿ ಎಲ್ಲ ಬೇಕು. ಹೆಂಡತಿಯೊಬ್ಬಳೇ ಕಚೇರಿಯಿಂದ ಕಚೇರಿಗೆ ಅಲೆದು, ಪ್ರತಿ ಮೇಜಿನ ಮುಂದೆ "ಯಾಕೆ ಸತ್ತರು" ಅನ್ನೋದಕ್ಕೆ ಉತ್ತರ ಹೇಳುವುದಿದೆಯಲ್ಲ, ಅಲ್ಲಿ ಪಕ್ಕದಲ್ಲಿ ಒಬ್ಬರು ಬೇಕು. ಸಾಲ ವಸೂಲಿಗೆ ಬರುವವರಿಗೂ ಉತ್ತರ ಗೊತ್ತಿರಲಿ: ವಾರಸುದಾರರು ಜಾಮೀನು ಹಾಕಿರದಿದ್ದರೆ, ಸತ್ತವರಿಂದ ಬಂದ ಆಸ್ತಿಯ ಮಿತಿಯಲ್ಲಷ್ಟೇ ಅವರಿಗೆ ಸಾಲದ ಹೊಣೆ. ಮೈಕ್ರೋಫೈನಾನ್ಸ್ ಕಿರುಕುಳ ತಡೆಯಲು ರಾಜ್ಯ 2025ರಲ್ಲಿ ಕಾನೂನನ್ನೂ ತಂದಿದೆ.

ಹೆಜ್ಜೆ 5: ಒಂದು ಸಣ್ಣ ಗುಂಪು

ನಾಲ್ಕೈದು ಮನೆ ಪರಿಚಯ ಆದ ಮೇಲೆ ತಿಂಗಳಿಗೊಮ್ಮೆ ಸೇರಬಹುದು. ನಾವು ಶುರು ಮಾಡಿದ್ದು ಆರು ಜನ. ಒಂದು ಗ್ರಂಥಾಲಯದ ಹಿಂದಿನ ಕೋಣೆ, ತಿಂಗಳ ಎರಡನೇ ಶನಿವಾರ, ಒಂದೂವರೆ ಗಂಟೆ. ಜಾಗ, ದಿನ, ಹೊತ್ತು ಬದಲಾಯಿಸಬೇಡಿ. ಒಬ್ಬರೇ ಬಂದರೂ ಬಾಗಿಲು ತೆರೆದಿರಲಿ. ಹೊಸಬರನ್ನು ನೇರ ಗುಂಪಿಗೆ ತರಬೇಡಿ, ಮೊದಲು ನೀವೊಬ್ಬರೇ ಅವರ ಜೊತೆ ಕೂತು ಮಾತಾಡಿ. ಕಷ್ಟ ಬಂದರೆ ಫೋನ್ ಮಾಡಲು ಒಬ್ಬ ಮನೋವೈದ್ಯರೋ ಆಪ್ತಸಮಾಲೋಚಕರೋ ಮುಂಚೆಯೇ ಒಪ್ಪಿರಬೇಕು. ಅದಿಲ್ಲದೆ ಶುರು ಮಾಡಬೇಡಿ.

ನಿಯಮ ಜಾಸ್ತಿ ಬೇಡ. ಇಲ್ಲಿನ ಮಾತು ಹೊರಗೆ ಹೋಗಬಾರದು. ಸಲಹೆ ಕೊಡಬಾರದು. ವಿಧಾನದ ವಿವರ ಹೇಳಬಾರದು. ಅಳುವವರ ಕೈಗೆ ತಕ್ಷಣ ಟಿಶ್ಯೂ ತುರುಕಬಾರದು, ಅದು "ಸಾಕು ನಿಲ್ಲಿಸು" ಅಂದ ಹಾಗೆ ಕೇಳುತ್ತದೆ. ನಮ್ಮ ಗುಂಪಿನ ನಿವೃತ್ತ ಮೇಷ್ಟ್ರು ಒಬ್ಬರು ಮೊದಲ ಏಳು ತಿಂಗಳು ಬಾಯೇ ತೆರೆಯಲಿಲ್ಲ. ಬರುತ್ತಿದ್ದರು, ಕೂರುತ್ತಿದ್ದರು, ಹೋಗುತ್ತಿದ್ದರು. ಎಂಟನೇ ತಿಂಗಳು ಮಗಳ ಹೆಸರು ಹೇಳಿದರು. ಅಷ್ಟೇ, ಹೆಸರು ಮಾತ್ರ.

ಮಾತು ಕನ್ನಡದಲ್ಲಿರಲಿ. ನಗರದ ಗುಂಪುಗಳು ಇಂಗ್ಲಿಷಿನಲ್ಲಿ ನಡೆಯುವುದೇ ಜಾಸ್ತಿ, ನಮ್ಮಮ್ಮನಂಥವರು ಅಲ್ಲಿ ತುಟಿ ಬಿಚ್ಚುವುದಿಲ್ಲ.

ಮಾದರಿಗಳು ಹತ್ತಿರದಲ್ಲೇ ಇವೆ. ಚೆನ್ನೈನಲ್ಲಿ ಡಾ. ಲಕ್ಷ್ಮಿ ವಿಜಯಕುಮಾರ್ 1986ರಲ್ಲಿ ಆತ್ಮಹತ್ಯೆ ತಡೆಗೆಂದು ಸ್ನೇಹಾ ಸಂಸ್ಥೆ ಕಟ್ಟಿದರು. ಮದುರೈನ ನಂದಿನಿ ಮುರಳಿ 2017ರಲ್ಲಿ ಪತಿಯನ್ನು ಕಳೆದುಕೊಂಡರು. ಆಮೇಲೆ ಅದನ್ನು ಬಹಿರಂಗವಾಗಿ ಹೇಳಿಕೊಂಡು ಸ್ಪೀಕ್ ಎನ್ನುವ ಕೆಲಸ ಶುರು ಮಾಡಿದರು. ನವೆಂಬರ್‌ನಲ್ಲಿ ಕಳೆದುಕೊಂಡವರಿಗೆಂದೇ ಒಂದು ಅಂತರರಾಷ್ಟ್ರೀಯ ದಿನವೂ ಇದೆ, ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ. ತಂದೆಯನ್ನು ಹೀಗೇ ಕಳೆದುಕೊಂಡಿದ್ದ ಅಮೆರಿಕದ ಸೆನೆಟರ್ ಹ್ಯಾರಿ ರೀಡ್ 1999ರಲ್ಲಿ ಮಂಡಿಸಿದ ನಿರ್ಣಯದಿಂದ ಅದು ಬಂತು. ನಾವು ಅವತ್ತು ಮೇಣದಬತ್ತಿ ಹಚ್ಚುವುದಿಲ್ಲ. ಅವರವರಿಗೆ ಇಷ್ಟವಾಗಿದ್ದ ಒಂದೊಂದು ತಿಂಡಿ ತರುತ್ತೇವೆ. ಕಳೆದ ಸಲ ನಿಪ್ಪಟ್ಟು, ಮಂಡಕ್ಕಿ, ಒಂದು ಪ್ಯಾಕೆಟ್ ಗ್ಲೂಕೋಸ್ ಬಿಸ್ಕತ್ತು ಇದ್ದವು.

ಹೆಜ್ಜೆ 6: ಸಹಾಯವಾಣಿ

ಫೋನ್ ಕೆಲಸವೇ ಮಾಡಬೇಕು ಅನ್ನಿಸಿದರೆ ಬೆಂಗಳೂರಿನ ಸಹಾಯ್, ಚೆನ್ನೈನ ಸ್ನೇಹಾದಂಥ ಸಂಸ್ಥೆಗಳನ್ನು ಕೇಳಿ. ಸಂದರ್ಶನ ಇರುತ್ತದೆ, ತರಬೇತಿ ಇರುತ್ತದೆ, ಎಲ್ಲರನ್ನೂ ತೆಗೆದುಕೊಳ್ಳುವುದಿಲ್ಲ. ಟೆಲಿ ಮಾನಸ್‌ನಲ್ಲಿ ಸಂಬಳದ ಮೇಲೆ ಕೆಲಸ ಮಾಡುವ ತರಬೇತಾದ ಸಲಹೆಗಾರರಿದ್ದಾರೆ, ಅಲ್ಲಿ ಸ್ವಯಂಸೇವೆಗೆ ಜಾಗ ಹುಡುಕಬೇಡಿ. ಆ ನಂಬರನ್ನು ಹಾಲಿನ ಡೇರಿ, ಸೊಸೈಟಿ, ರಸಗೊಬ್ಬರದ ಅಂಗಡಿ ಗೋಡೆಗೆ ಅಂಟಿಸುವ ಕೆಲಸ ಇದೆ. ಒಂದು ಎಚ್ಚರಿಕೆ: ಕರೆ ಮುಗಿದ ಮೇಲೆ ಆ ಕಡೆಯವರಿಗೆ ಏನಾಯಿತು ಅಂತ ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. ಅದನ್ನು ಹೊತ್ತು ಮಲಗಲು ಆಗುತ್ತದಾ ಅಂತ ಮೊದಲೇ ಯೋಚಿಸಿ. ನನಗೆ ಆಗಲಿಲ್ಲ, ಬಿಟ್ಟೆ.

ಹೆಜ್ಜೆ 7: ಊರಿನಲ್ಲಿ, ಶಾಲೆಯಲ್ಲಿ, ಪೇಪರಿನಲ್ಲಿ

ಹಳ್ಳಿಯಲ್ಲಿ ಮಾಡಬಹುದಾದ ದೊಡ್ಡ ಕೆಲಸ ಸಪ್ಪೆಯಾಗಿ ಕಾಣುತ್ತದೆ: ಕೀಟನಾಶಕ ಮನೆಯೊಳಗೆ ಕೈಗೆ ಸಿಗದ ಹಾಗೆ, ಬೀಗದಲ್ಲಿ ಇರಲಿ, ಬೇಕಾದಷ್ಟೇ ತನ್ನಿ ಅಂತ ಮನೆಮನೆಗೆ ಹೇಳುವುದು. ಆ ಒಂದು ಕೆಟ್ಟ ಗಳಿಗೆ ದಾಟಿದರೆ ಎಷ್ಟೋ ಜನ ಉಳಿಯುತ್ತಾರೆ. ಶ್ರೀಲಂಕಾ ತೀರಾ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿತು. 1995ರ ನಂತರದ ಎರಡು ದಶಕದಲ್ಲಿ ಅಲ್ಲಿನ ಆತ್ಮಹತ್ಯೆ ಪ್ರಮಾಣ ಸುಮಾರು ಶೇ 70ರಷ್ಟು ಇಳಿಯಿತು.

ಶಾಲೆ ಕಾಲೇಜಿಗೆ ಹೋಗುವುದಾದರೆ ಮೊದಲು ಶಿಕ್ಷಕರೊಂದಿಗೆ ಮಾತಾಡಿ, ಆಮೇಲೆ ಮಕ್ಕಳ ಜೊತೆ. ಇಡೀ ಶಾಲೆಯನ್ನು ಒಂದೇ ಕಡೆ ಕೂರಿಸಿ ಕಥೆ ಹೇಳಬೇಡಿ. ಸಾವನ್ನು ತೋರಿಸುವ ಬೀದಿ ನಾಟಕ ಬೇಡವೇ ಬೇಡ. ನೀವು ಮಾತಾಡುವಾಗ ಬಾಗಿಲ ಹತ್ತಿರ ಒಬ್ಬ ಸಲಹೆಗಾರರು ನಿಂತಿರಲಿ, ಎದ್ದು ಹೋಗುವ ಮಗುವಿನ ಹಿಂದೆ ಹೋಗಲು.

ಪೇಪರಿನ ವಿಷಯಕ್ಕೆ ಬಂದರೆ ನನಗೆ ಸಿಟ್ಟು ಬರುತ್ತದೆ. "ನೇಣಿಗೆ ಶರಣು", "ಆತ್ಮಹತ್ಯೆಗೆ ಶರಣಾದ ವಿದ್ಯಾರ್ಥಿನಿ". ಶರಣು ಅನ್ನೋದು ನಮ್ಮ ನಾಡಿನಲ್ಲಿ ಎಂಥ ಪದ! ದೇವರಿಗೆ ಶರಣು, ಗುರುವಿಗೆ ಶರಣು, "ಶರಣು ಶರಣಾರ್ಥಿ" ಅಂತ ಕೈ ಮುಗಿಯುತ್ತೇವೆ. ಅದನ್ನು ತಂದು ಹಗ್ಗದ ಪಕ್ಕ ಕೂರಿಸಿದ್ದಾರೆ. "ಸಾವಿನಲ್ಲೂ ಒಂದಾದ ಜೋಡಿ" ಇನ್ನೂ ಕೆಟ್ಟದ್ದು. ವಿಧಾನ ವಿವರಿಸಬಾರದು, ತಲೆಬರಹದಲ್ಲಿ ರೋಚಕತೆ ಬೇಡ, ಫೋಟೊ, ವಿಡಿಯೊ ಹಾಕಬಾರದು ಅಂತ ಭಾರತೀಯ ಪತ್ರಿಕಾ ಮಂಡಳಿಯೇ 2019ರಲ್ಲಿ ಸೂಚನೆ ಕೊಟ್ಟಿದೆ. ಅದನ್ನು ಉಲ್ಲೇಖಿಸಿ ಸಂಪಾದಕರಿಗೆ ಸೌಮ್ಯವಾಗಿ ಬರೆಯಿರಿ. ಬೈದು ಬರೆದ ನನ್ನ ಮೊದಲ ಐದು ಪತ್ರಕ್ಕೆ ಉತ್ತರ ಬರಲಿಲ್ಲ. "ನಾನು ಅವನ ಅಕ್ಕ" ಅಂತ ಶುರು ಮಾಡಿದ ಆರನೆಯದಕ್ಕೆ ವರದಿಗಾರರೊಬ್ಬರು ಫೋನ್ ಮಾಡಿದರು. ಈಗ ಅವರ ವರದಿಗಳ ಕೊನೆಯಲ್ಲಿ 14416 ಇರುತ್ತದೆ. ವಾಟ್ಸಾಪ್ ಗುಂಪುಗಳಲ್ಲಿ ಕೊನೆಯ ಚೀಟಿಯ ಫೋಟೊ ಹರಿದಾಡಿದರೂ ಇದೇ ದಾರಿ: ಎಲ್ಲರ ಮುಂದೆ ಜಗಳ ಬೇಡ, ಹಾಕಿದವರಿಗೆ ಬೇರೆಯಾಗಿ ಫೋನ್ ಮಾಡಿ.

ಹೆಜ್ಜೆ 8: ರಜೆ ತೆಗೆದುಕೊಳ್ಳಿ

ನಿಮ್ಮ ತಿಂಗಳು ನಿಮಗೆ ಗೊತ್ತಿರುತ್ತದೆ. ನನ್ನದು ಮಾಘ. ಚಳಿ ಇಳಿಯುವ ಹೊತ್ತಿಗೆ, ಮಾವಿನ ಹೂವಿನ ವಾಸನೆ ಬಂದರೆ ಮೈ ಭಾರವಾಗುತ್ತದೆ. ಆ ತಿಂಗಳು ನಾನು ಯಾರ ಮನೆಗೂ ಹೋಗುವುದಿಲ್ಲ, ಗುಂಪಿನ ಫೋನನ್ನು ಬೇರೆಯವರಿಗೆ ಕೊಡುತ್ತೇನೆ. ನಿಮ್ಮ ನೆರವಿನಲ್ಲಿದ್ದವರೇ ತೀರಿಕೊಳ್ಳುವುದೂ ಆಗಬಹುದು. ಒಮ್ಮೆ ನಮಗೆ ಆಯಿತು. ಮೂರು ತಿಂಗಳು ಎಲ್ಲವನ್ನೂ ನಿಲ್ಲಿಸಿ, ನಾವು ಆರೂ ಜನ ವೈದ್ಯರ ಹತ್ತಿರ ಹೋಗಿ ಕೂತೆವು. ಬಿಟ್ಟು ಹೋದವರು ಇಬ್ಬರು. ಅವರು ಈಗಲೂ ನವೆಂಬರ್‌ಗೆ ತಿಂಡಿ ತರುತ್ತಾರೆ.

ನಮ್ಮ ಹತ್ತಿರ ಒಂದು ಇನ್ನೂರು ಪುಟದ ನೋಟ್‌ಬುಕ್ ಇದೆ. ಯಾರ ಮನೆ, ಯಾವಾಗ ಹೋಗಿದ್ದೆವು, ಮುಂದೆ ಯಾವಾಗ, ಯಾವ ಕಾಗದ ಬಾಕಿ ಅಂತ ಅದರಲ್ಲಿ ಬರೆಯುತ್ತೇವೆ. ಸಾವಿನ ಕಾರಣಕ್ಕೆ ಅದರಲ್ಲಿ ಕಾಲಂ ಇಲ್ಲ. ಫಾಲ್ಗುಣದ ಮೊದಲ ವಾರ ನಾನು ಅದನ್ನು ವಾಪಸ್ ತೆಗೆದುಕೊಂಡು ಮೊದಲು ಯುಗಾದಿ ಪುಟ ತೆರೆಯುತ್ತೇನೆ. ಈ ಸಲ ಮೊದಲ ಯುಗಾದಿ ಯಾರ ಮನೆಯಲ್ಲಿ ಅಂತ ನೋಡಿ, ಹಬ್ಬದ ಮಾರನೇ ದಿನಕ್ಕೆ ಬಸ್ಸು ಯಾವುದು ಅಂತ ವಿಚಾರಿಸುತ್ತೇನೆ.